ಬಿಸಿಲು ನಾಡಿನ ಕಾರಿಗೂ ತುಕ್ಕು ಹಿಡಿಯುತ್ತದೆ

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಚಿಕ್ಕಪ್ಪ ಒಂದು ಬಾಡಿಗೆ ಹಿಡಿದು ಬಳ್ಳಾರಿಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೋಗಬೇಕಾದ ಒಬ್ಬ ಅಜ್ಜ, ಅವರ ಮಗಳು. ಮುಂದೆ ನಾನು. ಹಾನಗಲ್ ದಾಟಿ ರಾಂಪುರ ಮುಟ್ಟುವ ಮೊದಲೇ ಹಿಂದಿನ ಟೈರ್ ಪಂಕ್ಚರ್ ಆಯಿತು. ಚಿಕ್ಕಪ್ಪ ಜಾಕಿ ತೆಗೆದು ಹಿಂಬಾಗಿಲ ಕೆಳಗೆ ಕೊಟ್ಟು ತಿರುಗಿಸಿದರು. ಕಾರು ಮೇಲೇಳಲಿಲ್ಲ. ಜಾಕಿಯೇ ಕರಕರ ಸದ್ದು ಮಾಡಿಕೊಂಡು ಕಾರಿನೊಳಕ್ಕೆ ಹೋಯಿತು. ಬಗ್ಗಿ ನೋಡಿದರೆ ಅಲ್ಲಿ ತಗಡೇ ಉಳಿದಿರಲಿಲ್ಲ. ಹೊರಗೆ ಬಣ್ಣ ಇತ್ತು, ಬಣ್ಣದ ಹಿಂದೆ ಕೆಂಪು ಪುಡಿ ಇತ್ತು.

ಅಜ್ಜನನ್ನು ಬೇರೆ ಗಾಡಿಗೆ ಹತ್ತಿಸಿ ಕಳಿಸಿದೆವು. ಬಾಡಿಗೆ ಹೋಯಿತು, ಅದು ಬಿಡಿ. ಚಳ್ಳಕೆರೆಯ ಟಿಂಕರಿಂಗ್ ಮೇಸ್ತ್ರಿ ಎರಡೂ ಕಡೆಯ ಫುಟ್‌ಬೋರ್ಡ್ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿ ಬಣ್ಣ ಹೊಡೆಯಲು ಹದಿನಾಲ್ಕು ಸಾವಿರ ತೆಗೆದುಕೊಂಡರು, ಹನ್ನೊಂದು ದಿನ ಕಾರು ನಿಂತಿತು. ಬೇಜಾರಿನ ಸಂಗತಿ ಏನೆಂದರೆ, ಅದೇ ಜಾಗದಲ್ಲಿ ಮೂರು ವರ್ಷದ ಹಿಂದೆ ಹೆಸರುಕಾಳಿನಷ್ಟು ದಪ್ಪದ ಗುಳ್ಳೆ ಎದ್ದಿದ್ದನ್ನು ನಾನೇ ತೋರಿಸಿದ್ದೆ. "ಏನೂ ಆಗಲ್ಲ ಬಿಡಪ್ಪ, ಇದೇನು ಮಂಗ್ಳೂರಾ?" ಅಂದಿದ್ದರು ಚಿಕ್ಕಪ್ಪ. ನಾನೂ ಹೌದಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

"ಇದೇನು ಮಂಗ್ಳೂರಾ" ಅನ್ನುವ ಈ ಮಾತಿನ ಮೇಲೆಯೇ ನನಗೆ ಜಗಳ. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ತುಕ್ಕು ಅಂದರೆ ಕಡಲಿನವರ ರೋಗ, ನಮಗಲ್ಲ ಅನ್ನುವ ನಂಬಿಕೆ ಬೇರೂರಿದೆ. ಕಡಲ ತೀರದಲ್ಲಿ ತುಕ್ಕು ಬೇಗ ಬರುತ್ತದೆ ಅನ್ನುವುದು ನಿಜ. ಆದರೆ ಅಲ್ಲಿನ ಜನಕ್ಕೆ ಅದು ಗೊತ್ತು, ಹಾಗಾಗಿ ನೋಡಿಕೊಳ್ಳುತ್ತಾರೆ. ನಾವು ನೋಡುವುದೇ ಇಲ್ಲ.

ತುಕ್ಕಿಗೆ ಬೇಕಾಗಿರುವುದು ಮೂರೇ: ಕಬ್ಬಿಣ, ಗಾಳಿ, ನೀರು. ಉಪ್ಪು ಸೇರಿದರೆ ಕೆಲಸ ಜೋರಾಗುತ್ತದೆ. ಕಡಲಿಲ್ಲ ಅಂತ ಉಪ್ಪಿಲ್ಲ ಅಂದುಕೊಳ್ಳಬೇಡಿ. ನಮ್ಮ ಬೋರ್‌ವೆಲ್ ನೀರನ್ನು ಕೊಡದಲ್ಲಿ ನಾಲ್ಕು ದಿನ ಇಟ್ಟು ನೋಡಿ, ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಫ್ಲೋರೈಡ್ ಸೇರಿ ನಾನಾ ಲವಣಗಳಿರುವ ನೀರು ನಮ್ಮದು. ಅದೇ ನೀರಿನಿಂದ ಕಾರು ತೊಳೆದು ಬಿಸಿಲಿಗೆ ನಿಲ್ಲಿಸಿದರೆ ನೀರು ಆರುತ್ತದೆ, ಲವಣ ಉಳಿಯುತ್ತದೆ. ಬಾಗಿಲ ಅಂಚು, ನಂಬರ್ ಪ್ಲೇಟಿನ ಹಿಂದೆ, ಡಿಕ್ಕಿಯ ರಬ್ಬರ್ ಕೆಳಗೆ ಪದರ ಪದರವಾಗಿ ಕೂರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂಗಾರಿನ ಹನಿ ಬಿದ್ದ ಕೂಡಲೇ ಆ ಲವಣ ತೇವ ಹಿಡಿದುಕೊಳ್ಳುತ್ತದೆ.

ಇದಕ್ಕಿಂತ ದೊಡ್ಡದು ಶುದ್ಧ ನೀರಿನ ಘಟಕದ ವಿಷಯ. ಘಟಕಕ್ಕೆ ನಾಣ್ಯ ಹಾಕಿ ಸಿಹಿನೀರು ಹಿಡಿದುಕೊಂಡು ಹೋಗುತ್ತೇವೆ. ಆ ಸಿಹಿನೀರಿನಿಂದ ತೆಗೆದ ಉಪ್ಪೆಲ್ಲ ಎಲ್ಲಿಗೆ ಹೋಯಿತು? ಹಿಂದಿನ ಪೈಪಿನಲ್ಲಿ ಹರಿದುಹೋಗುವ ಪೋಲು ನೀರಿಗೆ. ಬೋರ್‌ವೆಲ್ ನೀರಿಗಿಂತಲೂ ಅದು ಹೆಚ್ಚು ಗಡುಸು. ಎಷ್ಟೋ ಊರಲ್ಲಿ ಬೈಕು, ಕಾರು, ಟ್ರ್ಯಾಕ್ಟರ್ ತೊಳೆಯುವುದು ಅದೇ ಪೈಪಿನ ಕೆಳಗೆ. ಪುಕ್ಕಟೆ ನೀರು, ಪೋಲಾಗುವ ಬದಲು ಬಳಕೆಯಾಗಲಿ ಅನ್ನುವ ಲೆಕ್ಕ. ಲೆಕ್ಕ ತಪ್ಪಲ್ಲ. ಕೊಡ ನೀರಿಗೆ ಸಾಲು ನಿಲ್ಲುವ ಊರಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆಯಿರಿ ಅನ್ನುವ ಮನುಷ್ಯ ನಾನಲ್ಲ. ಮಣ್ಣು ಬಿಡಿಸಲು ಆ ನೀರನ್ನೇ ಬಳಸಿ. ಕೊನೆಗೆ ಅರ್ಧ ಬಕೆಟ್ ಒಳ್ಳೆ ನೀರಿನಲ್ಲಿ ಬಟ್ಟೆ ಅದ್ದಿ ಒಂದು ಸಲ ಒರೆಸಿ, ಆಮೇಲೆ ಹಳೇ ಲುಂಗಿಯಿಂದ ನೀರೆಲ್ಲ ಹೀರಿ ತೆಗೆಯಿರಿ. ನಾಲ್ಕೂ ಬಾಗಿಲು, ಡಿಕ್ಕಿ, ಬಾನೆಟ್ ತೆಗೆದು ಅಂಚು ಒರೆಸಿ. ಹತ್ತು ನಿಮಿಷದ ಕೆಲಸ. ಕಾರನ್ನು ತಾನಾಗಿ ಆರಲು ಬಿಡುವುದೇ ನಾವು ಮಾಡುವ ಮೊದಲ ತಪ್ಪು.

ಎರಡನೆಯದು ಗೊಬ್ಬರ. ಬಿತ್ತನೆ ಕಾಲದಲ್ಲಿ ಚಳ್ಳಕೆರೆಯಿಂದ ಯೂರಿಯಾ, ಡಿಎಪಿ, ಪೊಟ್ಯಾಷ್ ಚೀಲಗಳನ್ನು ಡಿಕ್ಕಿಗೆ ತುಂಬಿಕೊಂಡು ಬರದ ಕಾರು ನಮ್ಮ ಕಡೆ ಇದೆಯೇ? ಚೀಲದ ಹೊಲಿಗೆಯಿಂದ ನಾಲ್ಕು ಹರಳು ಉದುರಿದರೆ ಯಾರು ನೋಡುತ್ತಾರೆ? ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಒಡಹುಟ್ಟಿದ ತಮ್ಮ. ಯೂರಿಯಾ ಗಾಳಿಯಲ್ಲಿನ ತೇವ ಹೀರಿ ನೀರಾಗುವುದನ್ನು ನೀವೇ ಕಂಡಿದ್ದೀರಿ. ಇವೆಲ್ಲ ಮ್ಯಾಟಿನ ಕೆಳಗೆ ಇಳಿದು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೂತು ವರ್ಷಗಟ್ಟಲೆ ತಗಡು ತಿನ್ನುತ್ತವೆ. ಕುರಿ ಸಾಗಿಸುವ ಓಮ್ನಿ, ಪಿಕಪ್‌ಗಳ ನೆಲದ ಕತೆಯೂ ಇದೇ. ಗಂಜಲದಲ್ಲಿ ಯೂರಿಯಾವೂ ಇದೆ, ಉಪ್ಪೂ ಇದೆ. ಡಿಕ್ಕಿಗೆ ಒಂದು ದಪ್ಪ ತಾಡಪಾಲು ಹಾಸಿ ಚೀಲ ಇಡಿ, ಇಳಿಸಿದ ಮೇಲೆ ತಾಡಪಾಲನ್ನು ಹೊರಗೆ ಕೊಡವಿ. ಮ್ಯಾಟ್ ಎತ್ತಿ ಗುಡಿಸಿ. ಮನೆಯ ಹೆಣ್ಣುಮಕ್ಕಳು ಇದನ್ನು ಅಡುಗೆಮನೆಯಲ್ಲಿ ದಿನಾ ಮಾಡುತ್ತಾರೆ, ನಾವು ವರ್ಷಕ್ಕೆರಡು ಸಲ ಕಾರಿಗೆ ಮಾಡಲಾರೆವು.

ಮೂರನೆಯದನ್ನು ಬರೆಯಲು ಸ್ವಲ್ಪ ಹಿಂಜರಿಕೆ. ಆಯುಧಪೂಜೆ. ಪೂಜೆ ಬೇಡ ಅನ್ನುತ್ತಿಲ್ಲ, ನಮ್ಮ ಮನೆಯಲ್ಲೂ ತಪ್ಪದೆ ಮಾಡುತ್ತೇವೆ. ಆದರೆ ಮಾಡುವ ರೀತಿ ನೋಡಿ. ಬಾಳೆಕಂದನ್ನು ಬಂಪರಿಗೆ ಬೈಂಡಿಂಗ್ ವೈರಿನಿಂದ ಬಿಗಿಯುತ್ತೇವೆ, ವೈರು ಬಣ್ಣವನ್ನು ತಗಡಿನವರೆಗೆ ಕೊರೆಯುತ್ತದೆ. ಬಾನೆಟ್ ಮೇಲೆ ವಿಭೂತಿ ಪಟ್ಟೆ, ಅರಿಶಿನ, ಕುಂಕುಮ. ನಿಂಬೆಹಣ್ಣಿನ ರಸ, ತೆಂಗಿನಕಾಯಿ ನೀರು ಮುಂದಿನ ಜಾಲರಿಗೆ ಸಿಡಿಯುತ್ತದೆ. ಚೆಂಡುಹೂವಿನ ಹಾರ ಒದ್ದೆಯಾಗಿಯೇ ಕೂತು ಅಲ್ಲೇ ಕೊಳೆಯುತ್ತದೆ. ಅಳಿಸಿದರೆ ದೇವರಿಗೆ ಅಪಚಾರ ಅಂತ ದೀಪಾವಳಿವರೆಗೂ ಹಾಗೆಯೇ ಬಿಡುತ್ತೇವೆ. ಹಬ್ಬ ಬರುವುದೇ ನಮ್ಮ ಮಳೆಯ ತಿಂಗಳಲ್ಲಿ. ನಿಂಬೆರಸದ ಹುಳಿ, ಕಾಯಿನೀರಿನ ಲವಣ ಬಣ್ಣ ಎದ್ದ ಜಾಗಕ್ಕೆ ಇಳಿದರೆ ತುಕ್ಕಿಗೆ ಬೀಜ ಹಾಕಿದಂತೆ. ವೈರಿನ ಬದಲು ಬಾಳೆನಾರು ಅಥವಾ ಬಟ್ಟೆಯ ಪಟ್ಟಿ ಕಟ್ಟಿ. ಮಾರನೆಯ ದಿನ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯ ದೇವರ ಪಟಕ್ಕೆ ಹಾಕಿದ ಹೂವನ್ನು ಬಾಡಿದ ಮೇಲೆ ತೆಗೆಯುತ್ತೀವಲ್ಲ, ಗಾಡಿಗೆ ಯಾಕೆ ಬೇರೆ ನಿಯಮ?

ಕಬ್ಬಿಣದ ವಿಷಯದಲ್ಲಿ ನಮ್ಮ ನೆಲದವರು ಹೊಸಬರೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಲ್ಲುಗೋರಿಗಳಲ್ಲಿ ಕಬ್ಬಿಣದ ಸಾಮಾನು ಸಿಕ್ಕಿದ್ದವು. ನಮ್ಮ ತಾತಂದಿರು ಉಳುಮೆ ಮುಗಿದ ಮೇಲೆ ನೇಗಿಲಿನ ಗುಳ ತೊಳೆದು, ಒಣಗಿಸಿ, ಹರಳೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಸವರಿ ಅಟ್ಟಕ್ಕೆ ಇಡುತ್ತಿದ್ದರು. ಎಂಟಾಣೆ ಕುಡುಗೋಲಿಗೆ ಇದ್ದ ಮರ್ಯಾದೆ ಐದು ಲಕ್ಷದ ಕಾರಿಗೆ ಇಲ್ಲ.

ಹಾಗಂತ ಕಾರಿಗೂ ಎಣ್ಣೆ ಬಳಿಯಬೇಡಿ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಮಡ್ಡಿ ಎಣ್ಣೆ ಸಿಗುತ್ತದೆ ಅಂತ ಕೆಲವರು ಕಾರಿನ ಹೊಟ್ಟೆಗೆ ಹೊಡೆಯುತ್ತಾರೆ. ಶೇಂಗಾ ಎಣ್ಣೆ ದಿನ ಕಳೆದಂತೆ ಅಂಟಾಗಿ ದೂಳು ಹಿಡಿಯುತ್ತದೆ, ಆ ದೂಳು ತೇವ ಹಿಡಿಯುತ್ತದೆ. ಇನ್ನು ಕೆಲವರು ಹಳೇ ಎಂಜಿನ್ ಆಯಿಲ್ ಬಳಿಯುತ್ತಾರೆ. ಅದು ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ತೊಟ್ಟಿಕ್ಕಿ ಮಣ್ಣು ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಜೀವಕ್ಕೇ ಅಪಾಯ.

ಈಗ ಗುಳ್ಳೆಗೆ ಬರೋಣ. ಕಾರಿನ ಬಣ್ಣ ಅಂದರೆ ನಾಲ್ಕು ಪದರ: ತಗಡಿಗೆ ಅಂಟಿದ ಮೊದಲ ಲೇಪ, ಪ್ರೈಮರ್, ಬಣ್ಣ, ಮೇಲೆ ಹೊಳಪಿನ ಲ್ಯಾಕರ್. ನಾಲ್ಕೂ ಸೇರಿದರೆ ಹೆಚ್ಚುಕಮ್ಮಿ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪ. ಅದರ ಹಿಂದಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಬಳ್ಳಾರಿ ರಸ್ತೆಯಲ್ಲಿ ಲಾರಿಯ ಹಿಂದೆ ಹೋಗುವಾಗ ಸಿಡಿದ ಒಂದು ಜಲ್ಲಿಕಲ್ಲು ಆ ಹಾಳೆ ಹರಿಯಲು ಸಾಕು. ಒಳಗೆ ತುಕ್ಕು ಶುರುವಾದರೆ, ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಬಣ್ಣವನ್ನು ಎತ್ತುತ್ತದೆ. ನಮಗೆ ಕಾಣುವ ಗುಳ್ಳೆ ಅದೇ. ಹೊರಗೆ ಹೆಸರುಕಾಳಿನಷ್ಟು ಕಂಡರೆ ಬಣ್ಣದ ಕೆಳಗೆ ಅದಕ್ಕಿಂತ ಅಗಲಕ್ಕೆ ಹರಡಿರುತ್ತದೆ.

ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಮನೆಯಲ್ಲೇ ಸರಿ ಮಾಡಬಹುದು. ಮೆತ್ತಗೆ ಒಳಗೆ ಹೋದರೆ, ಅಥವಾ ಜಾಕಿ ಕೊಡುವ ಜಾಗ, ಸೀಟ್ ಬೆಲ್ಟ್ ಕಚ್ಚಿಸಿದ ಜಾಗ, ಚಕ್ರದ ಸಸ್ಪೆನ್ಷನ್ ಕೂರುವ ಜಾಗ ಆಗಿದ್ದರೆ ಕೈ ಹಾಕಬೇಡಿ, ವೆಲ್ಡಿಂಗ್ ಬಲ್ಲವರ ಹತ್ತಿರ ಹೋಗಿ.

ಗಟ್ಟಿ ಇದ್ದದ್ದಕ್ಕೆ ಕೆಲಸ ಹೀಗೆ. ಮೋಡವಿಲ್ಲದ ದಿನ, ಬಿಸಿಲೇರುವ ಮುಂಚೆ, ನೆರಳಲ್ಲಿ. ಜಾಗ ತೊಳೆದು ಪೂರ್ತಿ ಒಣಗಿಸಿ. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಬೆಳ್ಳಿಯಂತೆ ತಗಡು ಬಿಳಿಯಾಗಿ ಕಾಣುವವರೆಗೆ. ಇಲ್ಲಿ ಕರುಣೆ ತೋರಿಸಬೇಡಿ, ಗುಳ್ಳೆಯ ಸುತ್ತ ಗಟ್ಟಿ ಬಣ್ಣ ಸಿಗುವತನಕ ಉಜ್ಜಲೇಬೇಕು. ಆಮೇಲೆ 240, 400 ನಂಬರಿನ ಕಾಗದದಲ್ಲಿ ಬಣ್ಣದ ಅಂಚು ಬೆರಳಿಗೆ ತಟ್ಟದ ಹಾಗೆ ಸವೆಸಿ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ತಿನ್ನರ್ ಪಕ್ಕದಲ್ಲಿ ಇಟ್ಟುಕೊಂಡು ಬೀಡಿ ಹಚ್ಚುವ ಅಭ್ಯಾಸದವರು ಅವತ್ತು ಮಾತ್ರ ದೂರ ಇರಿ.

ಎಷ್ಟು ಉಜ್ಜಿದರೂ ತಗಡಿನ ಸಣ್ಣ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ರಸ್ಟ್ ಕನ್ವರ್ಟರ್ ಹಚ್ಚಬೇಕು. ಬಣ್ಣದ ಅಂಗಡಿಯಲ್ಲಿ ಚಿಕ್ಕ ಬಾಟಲಿ ಸಿಗುತ್ತದೆ. ಹಲವು ಕನ್ವರ್ಟರ್‌ಗಳಲ್ಲಿ ಇರುವುದು ಫಾಸ್ಫಾರಿಕ್ ಆಮ್ಲ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ, ಆ ಪದರ ಮತ್ತೆ ಸುಲಭಕ್ಕೆ ತುಕ್ಕು ಹಿಡಿಯದು. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ಬಿಸಿಲು ಮಳೆಯಲ್ಲಿ ನಿಂತರೂ ಕರಗದೆ ಇರುವುದಕ್ಕೆ ಅದರ ಕಬ್ಬಿಣದಲ್ಲಿರುವ ರಂಜಕವೇ ಮುಖ್ಯ ಕಾರಣ ಅನ್ನುತ್ತಾರೆ ಲೋಹಶಾಸ್ತ್ರಜ್ಞರು. ರಂಜಕ ಅಂದರೆ ಫಾಸ್ಫರಸ್. ಅಂದು ಕಮ್ಮಾರರ ಕುಲುಮೆಯಲ್ಲಿ ಕಬ್ಬಿಣದೊಳಗೇ ಉಳಿದದ್ದನ್ನು ನಾವು ಬಾಟಲಿಯಿಂದ ಹಚ್ಚುತ್ತಿದ್ದೇವೆ, ಅಷ್ಟೇ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ. ಕೈಗೆ ಗ್ಲೌಸ್ ಹಾಕಿ.

ಒಣಗಿದ ಮೇಲೆ ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಬರಿಗೈಯಿಂದ ಮುಟ್ಟಬೇಡಿ, ಬೆವರಲ್ಲೂ ಉಪ್ಪಿದೆ. ಅದೇ ದಿನ ಪ್ರೈಮರ್ ಹೊಡೆಯಿರಿ. ನಾಳೆ ನೋಡೋಣ ಅಂದರೆ ರಾತ್ರಿಯ ಇಬ್ಬನಿಗೇ ಬಿಳಿ ತಗಡು ಕೆಂಪಾಗಿರುತ್ತದೆ. ಎಪಾಕ್ಸಿ ಅಥವಾ ಜಿಂಕ್ ಪ್ರೈಮರ್ ಕೇಳಿ ತನ್ನಿ. ಮನೆ ಗೇಟಿಗೆ ಹೊಡೆದು ಉಳಿದ ರೆಡ್ ಆಕ್ಸೈಡ್ ಬೇಡ. ಅದರ ಮೇಲೆ ಕಾರಿನ ಬಣ್ಣ ಬಿದ್ದರೆ ತಿನ್ನರಿನ ಖಾರಕ್ಕೆ ಸುಕ್ಕುಗಟ್ಟುವುದುಂಟು. ತೆಳುವಾಗಿ ಎರಡು ಸಲ ಪ್ರೈಮರ್, ಒಣಗಿದ ಮೇಲೆ ಬಣ್ಣ ಎರಡು ಮೂರು ಸಲ, ಕೊನೆಗೆ ಲ್ಯಾಕರ್. ಬಣ್ಣದ ಕೋಡ್ ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಇರುವ ಪಟ್ಟಿಯಲ್ಲಿ ಸಿಗುತ್ತದೆ, ಫೋನಿನಲ್ಲಿ ಫೋಟೊ ತೆಗೆದು ಅಂಗಡಿಗೆ ತೋರಿಸಿ. ಬಣ್ಣ ಒಂಚೂರು ಬೇರೆಯಾಗಿ ಕಾಣುತ್ತದೆ. ಕಾಣಲಿ ಬಿಡಿ. ಮದುವೆ ಮೆರವಣಿಗೆಗಲ್ಲ, ತಗಡು ಉಳಿಯಲಿ ಅಂತ ಮಾಡಿದ್ದು. ಒಂದು ಸಣ್ಣ ಗುಳ್ಳೆಯ ಇಷ್ಟೆಲ್ಲ ಸಾಮಾನಿಗೆ ಸುಮಾರು ಸಾವಿರ ರೂಪಾಯಿ, ಉಳಿದದ್ದು ಮುಂದಿನ ಗುಳ್ಳೆಗೂ ಆಗುತ್ತದೆ.

ಮಾಡಬಾರದ್ದು ಒಂದೇ: ತುಕ್ಕಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆಯುವುದು. ಪಟ್ಟಿ ಸ್ಪಂಜಿನ ಹಾಗೆ ತೇವ ಹೀರುತ್ತದೆ, ಆರು ತಿಂಗಳಿಗೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಅದಕ್ಕಿಂತ ಕೆಟ್ಟದ್ದು ಸ್ಟಿಕ್ಕರ್. ಗುಳ್ಳೆ ಕಂಡ ಕೂಡಲೇ ದೇವರದ್ದೋ ಹೀರೋದ್ದೋ ಸ್ಟಿಕ್ಕರ್ ಹಚ್ಚಿ ಮುಚ್ಚುವವರಿದ್ದಾರೆ. ಶೋರೂಮಿನಲ್ಲಿ ಹೇಳುವ ಅಂಡರ್‌ಬಾಡಿ ಕೋಟಿಂಗ್ ಬಗ್ಗೆಯೂ ಒಂದು ಮಾತು. ಹೊಸ ಕಾರಿಗೆ, ಒಣಗಿದ ಸ್ವಚ್ಛ ತಗಡಿಗೆ ಒಳ್ಳೆಯದೇ. ಹಳೇ ಕಾರಿನ ತುಕ್ಕಿನ ಮೇಲೆ ಆ ಕಪ್ಪು ಲೇಪ ಬಳಿದರೆ ತೇವವನ್ನು ಒಳಗೆ ಕೂಡಿಹಾಕಿ ಬೀಗ ಹಾಕಿದಂತೆ. ಹಣ ಕೊಟ್ಟು ತುಕ್ಕು ಸಾಕಿದ ಹಾಗಾಗುತ್ತದೆ.

ಕವರ್ ಕೂಡ ಹಾಗೆಯೇ. ಮೊಳಕಾಲ್ಮುರು ಸೀರೆ ಕೊಂಡಾಗ ನೇಕಾರರು ಏನು ಹೇಳುತ್ತಾರೆ? ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಡಿ, ಜರಿ ಕಪ್ಪಾಗುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಅಂತ. ಕಾರಿಗೂ ಅದೇ. ಮಳೆಯಲ್ಲಿ ನೆನೆದ ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಿದರೆ ಒಳಗೆ ಬೆವರುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸುವವರು ವೈಪರ್ ಕೆಳಗಿನ ಜಾಲರಿ ನೋಡಿಕೊಳ್ಳಿ, ಎಲೆ, ಶೇಂಗಾ ಹೊಟ್ಟು ತುಂಬಿ ಅಲ್ಲಿ ನೀರು ನಿಲ್ಲುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಎರೆಹೊಲದ ಮಣ್ಣು ಅದನ್ನು ಮುಚ್ಚಿದರೆ ಬಾಗಿಲೇ ಬಾನಿಯಾಗುತ್ತದೆ. ಪೊರಕೆಕಡ್ಡಿ ಆಡಿಸಿದರೆ ಸಾಕು, ಬಿಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಡೆ ಕಾರು ಶೋಕಿಗೆ ಇರುವುದು ಕಡಿಮೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತಂದು, ಅದರಲ್ಲೇ ಬಾಡಿಗೆ ಓಡಿಸಿ ಸಾಲ ತೀರಿಸುವ ಮನೆಗಳೇ ಹೆಚ್ಚು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಸ್ವಂತದ ಕಾರಿಗೆ ಹದಿನೈದು ವರ್ಷವಾದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಎಂಜಿನ್ ಕೆಟ್ಟರೆ ಬಿಚ್ಚಿ ಕೂರಿಸಬಹುದು. ತಗಡು ಕರಗಿದ ಕಾರಿಗೆ ತಪಾಸಣೆಯಲ್ಲೂ ಕಷ್ಟ, ಮಾರುವಾಗಲೂ ಗುಜರಿ ಬೆಲೆ. ಇನ್ಶೂರೆನ್ಸ್ ಕಂಪನಿ ತುಕ್ಕಿಗೆ ಒಂದು ಪೈಸೆ ಕೊಡದು, ಅದು ಸವಕಳಿಯ ಲೆಕ್ಕ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೆಎ 19, 20, 30ರ ಕರಾವಳಿ ಗಾಡಿಗಳು, ಚೆನ್ನೈ ಗಾಡಿಗಳು ನಮ್ಮ ಊರಿಗೆ ಬರುತ್ತವೆ. ಬರಬಾರದು ಅಂತಲ್ಲ, ನೋಡಿ ಕೊಳ್ಳಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನಿನ ಮೇಲೆ ಆಡಿಸಿ. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪಟ್ಟಿ ಇದೆ. ಪ್ಲಾಸ್ಟಿಕ್ ಬಂಪರ್ ಲೆಕ್ಕಕ್ಕೆ ಬೇಡ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆಸಿ ನೋಡಿ. ಬ್ಯಾಟರಿ ಕೆಳಗೆ ನೋಡಿ. ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಲು ಮಾರುವವರು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಮ್ಮ ಚಿಕ್ಕಪ್ಪ ಕಾರು ಕೊಳ್ಳುವಾಗ ಎಂಜಿನ್ ಸದ್ದು ಕೇಳಿದರು, ಟೇಪ್ ರೆಕಾರ್ಡರ್ ಹಾಕಿ ನೋಡಿದರು. ಕೆಳಗೆ ಬಗ್ಗಲಿಲ್ಲ.

ಈಗ ಅವರ ಸೀಟಿನ ಹಿಂದೆ ಒಂದು ಹಳೇ ಲುಂಗಿ ಸದಾ ಇರುತ್ತದೆ. ಮೊನ್ನೆ ಮುಂದಿನ ಚಕ್ರದ ಮೇಲೆ ಕಡ್ಲೆಬೇಳೆಯಷ್ಟು ಗುಳ್ಳೆ ಕಂಡು ಅವರೇ ಫೋನ್ ಮಾಡಿದ್ದರು, "ಲೇ, ಉಪ್ಪುಕಾಗ್ದ ಎಷ್ಟು ನಂಬರಿಂದು ತರ್ಬೇಕು ಅಂದಿದ್ದೆ?" ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಕೂರಬೇಕು. ಬಣ್ಣದ ಕೋಡ್ ಅವರು ಇನ್ನೂ ಕಳಿಸಿಲ್ಲ.